ಮೊಮ್ಮಗನ ಉಗ್ಗಿಗೆ ದಾವಣಗೆರೆಯಲ್ಲಿ ಸಿಕ್ಕ ಚಿಕಿತ್ಸೆ: ಎಂಟು ತಿಂಗಳ ಅನುಭವ

ವಿದ್ಯಾನಗರದಲ್ಲಿ ಔಷಧಿ ಅಂಗಡಿಯೊಂದರ ಮೇಲಿನ ಮಹಡಿಯಲ್ಲಿ ಸಣ್ಣದೊಂದು ವಾಕ್ ಚಿಕಿತ್ಸಾ ಕೇಂದ್ರವಿದೆ. ಎಂಟು ತಿಂಗಳು, ಪ್ರತಿ ಗುರುವಾರ, ಮೊಮ್ಮಗನ ಕೈ ಹಿಡಿದು ಅದರ ಮೆಟ್ಟಿಲು ಹತ್ತಿದ್ದೇನೆ. ಮಗ, ಸೊಸೆ ಇಬ್ಬರೂ ಕೆಲಸಕ್ಕೆ ಹೋಗುವವರು. ನಾನು ನಿವೃತ್ತ ಶಿಕ್ಷಕಿ. ಹುಡುಗನಿಗೆ ಈಗ ಐದು ವರ್ಷ. ಕಳೆದ ವರ್ಷ ‘ಅಜ್ಜಿ’ ಎನ್ನಲು ಹೋಗಿ ಮೊದಲ ಅಕ್ಷರದಲ್ಲೇ ಸಿಕ್ಕಿಕೊಂಡು, ಕಣ್ಣು ಬಿಗಿಯಾಗಿ ಮುಚ್ಚಿ, ಬಲಗಾಲಿನಿಂದ ನೆಲ ಒದೆಯುತ್ತಿದ್ದ. ಆಮೇಲೆ ಕರೆಯುವುದನ್ನೇ ಬಿಟ್ಟು ನನ್ನ ಸೆರಗು ಎಳೆಯತೊಡಗಿದ. ನಾನು ಎಚ್ಚೆತ್ತದ್ದು ಆಗ.

ಅಲ್ಲಿಯವರೆಗೆ ‘ತೊದಲು ಮಾತು, ದೊಡ್ಡವನಾದರೆ ಸರಿಹೋಗುತ್ತದೆ’ ಎಂದವರನ್ನು ನಂಬಿದ್ದೆವು. ತೊದಲು ಬೇರೆ, ಉಗ್ಗು ಬೇರೆ. ಬಜೆ ಬೇರು ತೇಯ್ದು ನಾಲಿಗೆಗೆ ಹಚ್ಚಿದ್ದಾಯಿತು. ‘ಇಪ್ಪತ್ತೊಂದು ದಿನದಲ್ಲಿ ಉಗ್ಗು ಮಾಯ, ಗ್ಯಾರಂಟಿ’ ಎಂಬ ಫಲಕ ನೋಡಿ ಇನ್ನೊಂದು ಕಡೆ ಒಂಬತ್ತು ಸಾವಿರ ರೂಪಾಯಿ ಕಟ್ಟಿದ್ದೂ ಆಯಿತು. ಅಲ್ಲಿ ಉಸಿರು ಬಿಗಿಹಿಡಿದು ಮಾತನಾಡಿಸಿದರು. ಮಗು ಮಾತೇ ಕಡಿಮೆ ಮಾಡಿತು.

ವಿದ್ಯಾನಗರದ ಚಿಕಿತ್ಸಕಿ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದವರು. ಮೊದಲ ದಿನವೇ ಅವರು ಹೇಳಿದ್ದು: “ಈ ವಯಸ್ಸಿನಲ್ಲಿ ಉಗ್ಗುವ ಮಕ್ಕಳಲ್ಲಿ ಬಹಳ ಮಂದಿಗೆ ಅದು ತಾನಾಗಿಯೇ ಹೋಗುತ್ತದೆ ಅಮ್ಮ. ನಿಮ್ಮ ಮೊಮ್ಮಗನೂ ಅವರಲ್ಲಿ ಒಬ್ಬನೇ ಎಂದು ನಾನು ಖಚಿತವಾಗಿ ಹೇಳಲಾರೆ. ಒಂದು ವರ್ಷ ದಾಟಿದೆ, ಇನ್ನು ಕಾಯುವುದು ಬೇಡ.” ಹುಡುಗನನ್ನು ಆಟಕ್ಕೆ ಬಿಟ್ಟು, ಅವನ ಮಾತನ್ನು ಮುದ್ರಿಸಿಕೊಂಡು, ಒಂದೊಂದೇ ಅಕ್ಷರ ಎಣಿಸಿದರು. ನೂರು ಅಕ್ಷರಕ್ಕೆ ಒಂಬತ್ತರಲ್ಲಿ ತಡೆ.

ಈ ಕ್ರಮಕ್ಕೆ ಲಿಡ್‌ಕಂಬ್ ಎನ್ನುತ್ತಾರೆ. ಅದು ಸಿಡ್ನಿಯ ಒಂದು ಬಡಾವಣೆಯ ಹೆಸರು. ಇದರಲ್ಲಿ ಚಿಕಿತ್ಸೆ ಕೊಡುವವರು ಮನೆಯವರೇ. ವಾರಕ್ಕೊಮ್ಮೆ ಹೋಗುವುದು ನಾವು ಮಾಡುತ್ತಿರುವುದು ಸರಿಯೇ ಎಂದು ತೋರಿಸಿಕೊಳ್ಳಲು. ದಿನಾ ಸಂಜೆ ಹದಿನೈದು ನಿಮಿಷ ಅವರೆಕಾಯಿ ಸುಲಿಯುತ್ತಲೋ ಚಿತ್ರ ನೋಡುತ್ತಲೋ ಅವನನ್ನು ಮಾತಿಗೆಳೆಯುತ್ತಿದ್ದೆ. ತಡೆಯಿಲ್ಲದೆ ಬಂದ ಮಾತಿಗೆ “ಎಷ್ಟು ಸಲೀಸಾಗಿ ಬಂತು ಕಂದ” ಎನ್ನಬೇಕು. ಹೀಗೆ ಐದಾರು ಸಲ ಮೆಚ್ಚಿದ ಮೇಲೆ ಒಮ್ಮೆ ಮಾತ್ರ, ಸಿಕ್ಕಿಕೊಂಡ ಮಾತಿಗೆ “ಅದನ್ನು ಇನ್ನೊಮ್ಮೆ ಹೇಳುತ್ತೀಯಾ?” ಎಂದು ಕೇಳಬಹುದು. ಮಗುವಿಗೆ ಬೇಸರವಾದರೆ ಅದೂ ಇಲ್ಲ. ರಾತ್ರಿ ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಆ ದಿನದ ಅಂಕಿ ಬರೆಯಬೇಕು: 0 ಎಂದರೆ ಉಗ್ಗಿಲ್ಲ, 9 ಎಂದರೆ ವಿಪರೀತ. ಮೊದಲ ವಾರ ಏಳು, ಏಳು, ಎಂಟು. ಮೂರನೇ ತಿಂಗಳಲ್ಲಿ ನಾಲ್ಕು. ಜಾತ್ರೆಗೆ ನೆಂಟರು ತುಂಬಿದ ವಾರ ಮತ್ತೆ ಏಳಕ್ಕೇರಿದಾಗ ನಾನು ಅತ್ತೆ. ಚಿಕಿತ್ಸಕಿ ಹಿಂದಿನ ಪುಟಗಳನ್ನು ತಿರುವಿ, ಇಳಿಯುತ್ತ ಬಂದ ಅಂಕಿಗಳ ಮೇಲೆ ಬೆರಳಿಟ್ಟು ತೋರಿಸಿದರು.

ಇದಕ್ಕೆ ಪುರಾವೆ ಏನು ಎಂದು ನಾನು ಕೇಳಿದ್ದೆ. ಅವರು ಬೇಸರಿಸಲಿಲ್ಲ. 2005ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಅಧ್ಯಯನವನ್ನು ತೆರೆದು ಬಿಡಿಸಿ ಹೇಳಿದರು. ನ್ಯೂಜಿಲೆಂಡಿನ 54 ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದು ಗುಂಪಿಗೆ ಮಾತ್ರ ಈ ಚಿಕಿತ್ಸೆ ಕೊಟ್ಟರು. ಒಂಬತ್ತು ತಿಂಗಳ ನಂತರ ಚಿಕಿತ್ಸೆ ಪಡೆದವರಲ್ಲಿ ನೂರು ಅಕ್ಷರಕ್ಕೆ ಸರಾಸರಿ 1.5ರಲ್ಲಿ ಉಗ್ಗು, ಉಳಿದವರಲ್ಲಿ 3.9. ಉಳಿದವರಲ್ಲೂ ಇಳಿದಿತ್ತು ಎನ್ನುವುದನ್ನು ಗಮನಿಸಿ. ಆ ಎರಡನೇ ಗುಂಪು ಇಲ್ಲದಿದ್ದರೆ ಇಳಿದದ್ದೆಲ್ಲ ಚಿಕಿತ್ಸೆಯ ಲೆಕ್ಕಕ್ಕೇ ಹೋಗುತ್ತಿತ್ತು. ಬಜೆಗೆ ಅಷ್ಟು ಹೆಸರು ಬಂದದ್ದು ಹೇಗೆ, ಆ ಗ್ಯಾರಂಟಿ ಫಲಕ ನಡೆಯುವುದು ಹೇಗೆ ಎಂದು ನನಗೆ ಆಗ ತಿಳಿಯಿತು. ಮಾತ್ರೆ ಇದೆಯೇ ಎಂದು ಮಗ ಕೇಳಿದ. ಮಕ್ಕಳ ಉಗ್ಗಿಗೆ ಅಂಥದ್ದಿಲ್ಲ ಎಂದರು. ತಮ್ಮ ಕ್ರಮವೊಂದೇ ದಾರಿ ಎಂದೂ ಹೇಳಲಿಲ್ಲ. ನೆದರ್‌ಲ್ಯಾಂಡ್ಸ್‌ನಲ್ಲಿ 199 ಮಕ್ಕಳ ಮೇಲೆ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮಗುವಿನ ಮೇಲಿನ ಮಾತಿನ ಒತ್ತಡವನ್ನು ತಗ್ಗಿಸುವ ಇನ್ನೊಂದು ಕ್ರಮವೂ ಹದಿನೆಂಟು ತಿಂಗಳಲ್ಲಿ ಹೆಚ್ಚುಕಡಿಮೆ ಇಷ್ಟೇ ಫಲ ಕೊಟ್ಟಿದೆಯಂತೆ. ತಮ್ಮ ಎದುರು ಪಕ್ಷದ ಅಂಕಿಯನ್ನೂ ತಾವೇ ತೋರಿಸುವವರ ಮೇಲೆ ನನಗೆ ನಂಬಿಕೆ ಹುಟ್ಟಿತು.

ಕೊರತೆಗಳೂ ಇವೆ. ಮೆಟ್ಟಿಲು ಕಡಿದು, ಹಿಡಿಯಲು ಕಂಬಿ ಇಲ್ಲ. ಕಾಯಲು ಇರುವುದು ಎರಡೇ ಕುರ್ಚಿ. ಚಿತ್ರದ ಚೀಟಿಗಳೆಲ್ಲ ಹಿಮದ ಬೊಂಬೆ, ಕೋಟು ತೊಟ್ಟ ಕರಡಿ. ಅವುಗಳ ಬಗ್ಗೆ ನಮ್ಮ ಹುಡುಗ ಏನು ಮಾತನಾಡಬೇಕು? ನಾನೇ ರಟ್ಟು ಕತ್ತರಿಸಿ ಮಂಡಕ್ಕಿ, ಮಿರ್ಚಿ, ಬೆಣ್ಣೆ ದೋಸೆ ಕಾವಲಿ, ಮೆಕ್ಕೆಜೋಳದ ಲಾರಿ ಬರೆದುಕೊಟ್ಟೆ. ಈಗ ಬೇರೆ ಮಕ್ಕಳಿಗೂ ಅವನ್ನೇ ಬಳಸುತ್ತಿದ್ದಾರೆ. ಶುಲ್ಕ ಭೇಟಿಗೆ ನಾನೂರು ರೂಪಾಯಿ, ರಸೀದಿ ಕೊಡುತ್ತಾರೆ.

ಇನ್ನೊಂದು ಮಾತು. ಜಗಳೂರು ಕಡೆಯ ಹಳ್ಳಿಯಲ್ಲಿ ಪಾಠ ಮಾಡುತ್ತಿದ್ದಾಗ ನನ್ನ ತರಗತಿಯಲ್ಲಿ ಉಗ್ಗುವ ಹುಡುಗನೊಬ್ಬನಿದ್ದ. “ನಿಧಾನ, ಉಸಿರು ತೆಗೆದುಕೊಂಡು ಹೇಳು” ಎಂದು ಎಲ್ಲರೆದುರು ಅವನನ್ನು ನಿಲ್ಲಿಸುತ್ತಿದ್ದೆ. ಒಳ್ಳೆಯದಕ್ಕೇ ಎಂದುಕೊಂಡಿದ್ದೆ. ಅವನು ಉತ್ತರಗಳನ್ನು ಸ್ಲೇಟಿನಲ್ಲಿ ಬರೆದು ಎತ್ತಿ ಹಿಡಿಯತೊಡಗಿದ. ಮೊಮ್ಮಗ ಸೆರಗು ಎಳೆದಾಗಲೆಲ್ಲ ಆ ಸ್ಲೇಟು ಕಣ್ಣ ಮುಂದೆ ಬರುತ್ತಿತ್ತು.

ಎರಡು ತಿಂಗಳಿಂದ ಕ್ಯಾಲೆಂಡರಿನಲ್ಲಿ 0 ಮತ್ತು 1 ಮಾತ್ರ. ಇನ್ನು ಮುಂದೆ ತಿಂಗಳಿಗೊಮ್ಮೆ ಬಂದರೆ ಸಾಕು, ಆದರೆ ಸುಮಾರು ಒಂದು ವರ್ಷ ಬಿಡದೆ ಬರಬೇಕು ಎಂದಿದ್ದಾರೆ. ಹಾಗಾಗಿ ಗುರುವಾರ ಸಂಜೆ ನಾಲ್ಕು ಗಂಟೆಯ ನಮ್ಮ ಸಮಯ ತೆರವಾಗಿದೆ. ಮಗುವನ್ನು ಕರೆದುಕೊಂಡು ಹೋಗುವವರು ವಿಚಾರಿಸಿ.