‘ಹಾರ್ಡ್’ ಪದಕ್ಕೆ ಯಾವ ನಿಘಂಟು? ಆಕ್ಸ್‌ಫರ್ಡ್ ಲರ್ನರ್ಸ್ ಜಾಲತಾಣದ ವಿಮರ್ಶೆ

ಕಲಬುರಗಿಯಲ್ಲಿ ಬ್ಯಾಂಕ್, ಎಸ್‌ಎಸ್‌ಸಿ ಪರೀಕ್ಷೆಗೆ ಓದುವವರು ಒಂದೇ ಇಂಗ್ಲಿಷ್ ನಿಘಂಟು ಇಟ್ಟುಕೊಳ್ಳುವುದಾದರೆ ಆಕ್ಸ್‌ಫರ್ಡ್ ಅಡ್ವಾನ್ಸ್ಡ್ ಲರ್ನರ್ಸ್ ಡಿಕ್ಷನರಿಯ ಜಾಲತಾಣವೇ ಇರಲಿ. ಪುಕ್ಕಟೆ ಸಿಗುತ್ತದೆ. ಇಂಗ್ಲಿಷ್ ಮನೆಮಾತಲ್ಲದವರಿಗೆಂದೇ ಮಾಡಿದ ನಿಘಂಟು ಇದು, ವಿವರಣೆಗಳೂ ದಿನಬಳಕೆಯ ಪದಗಳಲ್ಲೇ ಇವೆ. ಇದರ ಕಸುವು ತಿಳಿಯಲು ‘ಹಾರ್ಡ್’ ಎಂಬ ಒಂದು ಗುಣವಾಚಕ ಹುಡುಕಿ ನೋಡಿದರೆ ಸಾಕು.

ಅನುವಾದದ ಆ್ಯಪ್‌ಗೆ ಈ ಪದ ಒಂದನ್ನೇ ಕೊಟ್ಟರೆ ‘ಕಠಿಣ’ ಎಂದು ಹೇಳಿ ಕೈ ತೊಳೆದುಕೊಳ್ಳುತ್ತದೆ. ಇಲ್ಲಿ ಒಂದೊಂದು ಅರ್ಥಕ್ಕೂ ಬೇರೆ ಸಾಲು, ಬೇರೆ ಉದಾಹರಣೆ. ನೆಲಕ್ಕೆ ಹಾಸುವ ಶಹಾಬಾದ್ ಪರಸಿ ಕಲ್ಲು ಹಾರ್ಡ್, ಪ್ರಶ್ನೆಪತ್ರಿಕೆ ಹಾರ್ಡ್, ಬೋರಿನ ನೀರೂ ಹಾರ್ಡ್. ನೀರಿನ ವಿಷಯದಲ್ಲಿ ಅದರರ್ಥ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚಿವೆ, ಸೋಪು ನೊರೆ ಬರುವುದಿಲ್ಲ, ಬಕೆಟಿಗೆ ಬಿಳಿ ಪದರ ಕಟ್ಟುತ್ತದೆ ಎಂದು. ಅದಕ್ಕೆ ಕನ್ನಡದಲ್ಲಿ ಗಡಸು ನೀರು ಎನ್ನುತ್ತೇವೆ, ಕಠಿಣ ನೀರು ಎಂದು ಯಾರೂ ಅನ್ನುವುದಿಲ್ಲ.

ವಾಕ್ಯದಲ್ಲಿ ಯಾವ ಅರ್ಥವಿದೆ ಎಂದು ಗೊತ್ತಾಗದಿದ್ದರೆ ವಿರುದ್ಧಪದ ಹಾಕಿ ನೋಡಿ. ಪರಸಿಗೂ ನೀರಿಗೂ ‘ಸಾಫ್ಟ್’ ಹೊಂದುತ್ತದೆ, ಪ್ರಶ್ನೆಪತ್ರಿಕೆಗೆ ‘ಈಜಿ’. ‘ಹಾರ್ಡ್ ಎವಿಡೆನ್ಸ್’ಗೆ ‘ಈಜಿ’ ಹೊಂದುವುದಿಲ್ಲ. ಅದು ಅನುಮಾನಕ್ಕೆ ಎಡೆಯಿಲ್ಲದ ಪುರಾವೆ. ‘ಹಾರ್ಡ್ ಆಫ್ ಹಿಯರಿಂಗ್’ ಎಂದರೆ ಕಿವಿ ಮಂದ. ಇದನ್ನು ಇಡಿಯಾಗಿಯೇ ಕಲಿಯಬೇಕು.

ಅಂಕ ಹೋಗುವುದು ಮುಖ್ಯವಾಗಿ ಎರಡು ಕಡೆ. ‘ಶಿ ವರ್ಕ್ಸ್ ಹಾರ್ಡ್’ ಎಂದರೆ ದುಡಿಯುತ್ತಾಳೆ, ‘ಶಿ ಹಾರ್ಡ್ಲಿ ವರ್ಕ್ಸ್’ ಎಂದರೆ ಕೆಲಸ ಮಾಡುವುದೇ ಅಪರೂಪ. ‘ಲಿ’ ಸೇರಿಸಿದರೆ ಕ್ರಿಯಾವಿಶೇಷಣ ಆಗುತ್ತದೆ ಎಂಬ ಶಾಲೆಯ ನಿಯಮ ಇಲ್ಲಿ ಕೈಕೊಡುತ್ತದೆ, ಏಕೆಂದರೆ ‘ಹಾರ್ಡ್’ ಗುಣವಾಚಕವೂ ಹೌದು, ಕ್ರಿಯಾವಿಶೇಷಣವೂ ಹೌದು. ನಿಘಂಟು ಇದಕ್ಕೆಂದೇ ಪ್ರತ್ಯೇಕ ಚೌಕಟ್ಟು ಕೊಟ್ಟಿದೆ, ಅದನ್ನು ತಪ್ಪದೆ ಓದಿ. ವಾಕ್ಯ ‘ಹಾರ್ಡ್ಲಿ ಹ್ಯಾಡ್’ ಎಂದು ಶುರುವಾದರೆ ಮುಂದೆ ‘ವೆನ್’ ಬರಬೇಕು. ‘ದ್ಯಾನ್’ ಬರುವುದು ‘ನೋ ಸೂನರ್’ ಜೊತೆ. ಎರಡನೆಯ ಕಡೆ ‘ಐ ಆ್ಯಮ್ ಹಾರ್ಡ್ ಟು ಅಂಡರ್‌ಸ್ಟ್ಯಾಂಡ್’. ಪಾಠ ನನಗೆ ತಿಳಿಯುತ್ತಿಲ್ಲ ಎನ್ನಲು ಹೊರಟವರು ನನ್ನನ್ನೇ ಅರ್ಥಮಾಡಿಕೊಳ್ಳುವುದು ಕಷ್ಟ ಎಂದಂತಾಯಿತು. ‘ಇಟ್ ಈಸ್ ಹಾರ್ಡ್ ಫಾರ್ ಮಿ ಟು ಅಂಡರ್‌ಸ್ಟ್ಯಾಂಡ್’ ಎನ್ನಬೇಕು.

ಕೊರತೆ ಇರುವುದು ನಮ್ಮ ಮಾತಿನಿಂದ ಇಂಗ್ಲಿಷಿಗೆ ಹೋಗುವಾಗ. ಇದರಲ್ಲಿ ಕನ್ನಡವಿಲ್ಲ. ಖಡಕ್ ರೊಟ್ಟಿ, ಖಡಕ್ ಚಹಾ, ಖಡಕ್ ಸಾಹೇಬರು: ಮೂರಕ್ಕೂ ‘ಹಾರ್ಡ್’ ಹಚ್ಚಿದರೆ ಮೂರೂ ಕೆಡುತ್ತವೆ. ರೊಟ್ಟಿ ‘ಕ್ರಿಸ್ಪ್’, ಚಹಾ ‘ಸ್ಟ್ರಾಂಗ್’, ಸಾಹೇಬರು ‘ಸ್ಟ್ರಿಕ್ಟ್’. ‘ಹಾರ್ಡ್ ರೊಟ್ಟಿ’ ಎಂದರೆ ಅಗಿಯಲು ಬಾರದ ರೊಟ್ಟಿ ಎಂದೇ ಕೇಳಿದವರು ತಿಳಿಯುತ್ತಾರೆ, ಕಟಕಟ ಮುರಿಯುವ ನಮ್ಮ ಜೋಳದ ರೊಟ್ಟಿಗೆ ಅದು ಅನ್ಯಾಯ. ಜೋರು ಮಳೆ ‘ಹೆವಿ ರೇನ್’, ಆದರೆ ‘ಇಟ್ ಈಸ್ ರೇನಿಂಗ್ ಹಾರ್ಡ್’ ಸರಿ. ಇಂಥಲ್ಲಿ ಮೊದಲು ಕನ್ನಡ–ಇಂಗ್ಲಿಷ್ ನಿಘಂಟು ‘ಅಲರ್’ ನೋಡಿ. ಅದೂ ಜಾಲದಲ್ಲಿ ಪುಕ್ಕಟೆ ಇದೆ. ಅಲ್ಲಿ ಸಿಕ್ಕ ಪದವನ್ನು ಆಕ್ಸ್‌ಫರ್ಡ್‌ನಲ್ಲಿ ಹಾಕಿ ಉದಾಹರಣೆ ವಾಕ್ಯಗಳನ್ನು ಓದಿ. ಉದಾಹರಣೆ ನೋಡದೆ ಬರೀ ಅರ್ಥ ಬರೆದುಕೊಂಡರೆ ಮತ್ತೆ ಅದೇ ತಪ್ಪಾಗುತ್ತದೆ.

ಬಳಸುವಾಗ ಗಮನಿಸಿ: ‘ಹಾರ್ಡ್’ ಹುಡುಕಿದರೆ ಮೊದಲು ತೆರೆಯುವುದು ಗುಣವಾಚಕದ ಪುಟ. ಕ್ರಿಯಾವಿಶೇಷಣದ ಪುಟ ಬೇರೆ, ಅದರ ಕೊಂಡಿಯನ್ನು ಒತ್ತಬೇಕು. ನುಡಿಗಟ್ಟುಗಳು ಪುಟದ ಕೆಳಗಿವೆ. ಉಚ್ಚಾರಣೆ ಬ್ರಿಟಿಷ್, ಅಮೆರಿಕನ್ ಎರಡೂ ಕೇಳಬಹುದು. ಜಾಹೀರಾತಿನ ಕಾಟವಿದೆ, ನೆಟ್ ಇಲ್ಲದಿದ್ದರೆ ಪುಟ ತೆರೆಯುವುದಿಲ್ಲ. ಹಳ್ಳಿಯಲ್ಲಿ ಸಿಗ್ನಲ್ ಸಿಗದವರು ಮುದ್ರಿತ ಪ್ರತಿಯನ್ನೇ ಕೊಳ್ಳಲಿ. ಎಸ್ಸೆಸ್ಸೆಲ್ಸಿಯೊಳಗಿನ ಮಕ್ಕಳಿಗೆ ಇದೊಂದೇ ಸಾಲದು, ಜೊತೆಗೆ ಇಂಗ್ಲಿಷ್–ಕನ್ನಡ ನಿಘಂಟು ಇರಲೇಬೇಕು.