ಭ್ರೂಣ ನೋಡೋಕೆ ಯಾವ್ ಗಿಡ, ಅರಬಿಡಾಪ್ಸಿಸ್ಸಾ ಮೆಕ್ಕೆಜೋಳಾನಾ?

ಪ್ರಾಜೆಕ್ಟ್‌ಗೆ ಎರಡ್ರಲ್ಲಿ ಒಂದು ತಗೋಬೇಕು ಅಂತಿದ್ರೆ, ಮೊದಲು ನಿಮಗೆ ಏನ್ ನೋಡ್ಬೇಕು ಅಂತ ಡಿಸೈಡ್ ಮಾಡ್ಕೊಳ್ಳಿ.

ಅರಬಿಡಾಪ್ಸಿಸ್ ಅಂದ್ರೆ ಸಾಸಿವೆ ಕುಟುಂಬದ ಒಂದು ಚಿಕ್ಕ ಗಿಡ, ಅದರ ಭ್ರೂಣದ್ದು ತುಂಬಾ ಶಿಸ್ತು. ಜೈಗೋಟ್ (ಗಂಡು-ಹೆಣ್ಣು ಕೋಶ ಸೇರಿ ಆಗೋ ಮೊದಲ ಕೋಶ) ಒಡೆದಾಗ ಮೇಲೆ ಚಿಕ್ಕ ಕೋಶ, ಕೆಳಗೆ ಉದ್ದ ಕೋಶ, ಮೇಲಿನದು ಹೆಚ್ಚುಕಮ್ಮಿ ಪೂರ್ತಿ ಭ್ರೂಣ ಆಗತ್ತೆ, ಕೆಳಗಿನದು ಸಸ್ಪೆನ್ಸರ್ ಅನ್ನೋ ದಾರದ ಥರ ಉದ್ದ ಆಗತ್ತೆ, ಅದರ ಮೇಲ್ತುದೀಲಿ, ಭ್ರೂಣಕ್ಕೆ ಅಂಟ್ಕೊಂಡಿರೋ ಒಂದು ಕೋಶ ಮಾತ್ರ ಬೇರಿನ ತುದಿಗೆ ಸೇರ್ಕೊಳತ್ತೆ. ಆಮೇಲೆ 2, 4, 8 ಕೋಶ, ಉಂಡೆ ಆಕಾರ, ಹಾರ್ಟ್ ಆಕಾರ (ಎರಡು ಬೀಜದಳ ಹೊರಡೋದು ಇಲ್ಲೇ), ಟಾರ್ಪೆಡೋ. ಯಾವ ಕೋಶ ಮುಂದೆ ಏನಾಗತ್ತೆ ಅಂತ ಮೊದಲೇ ಹೇಳಬಹುದು, ಅಷ್ಟು ನೀಟು. ಜೀನೋಮ್ (ಇಡೀ ಡಿಎನ್‌ಎ ಓದಿದ್ದು) 2000ದಲ್ಲೇ ಬಂದಿದೆ, ಮ್ಯುಟೆಂಟ್‌ಗಳೂ (ಯಾವುದಾದ್ರೂ ಜೀನ್ ಬದಲಾಗಿರೋ ಗಿಡಗಳು) ಬೇಜಾನ್ ಇವೆ. ತೊಂದ್ರೆ ಒಂದೇ, ಬೀಜ ಅರ್ಧ ಮಿಲಿಮೀಟರ್ ಅಷ್ಟೇ, ಒಳ್ಳೆ ಮೈಕ್ರೋಸ್ಕೋಪ್ ಇಲ್ದೆ ಏನೂ ಕಾಣಲ್ಲ.

ಮೆಕ್ಕೆಜೋಳ ಉಲ್ಟಾ. ಕಾಳು ದೊಡ್ಡದು, ಬ್ಲೇಡಲ್ಲಿ ಉದ್ದಕ್ಕೆ ಸೀಳಿದ್ರೆ ಬಲಿತ ಭ್ರೂಣ ಬರಿಗಣ್ಣಿಗೇ ಕಾಣತ್ತೆ. ಆದ್ರೆ ಮೊದಲ ಒಂದೆರಡು ವಿಭಜನೆ ಆದ್ಮೇಲೆ ಕೋಶಗಳು ಹೆಂಗೆಂಗೋ ಒಡೆಯತ್ವೆ, ಹಾರ್ಟ್ ಹಂತಾನೂ ಇಲ್ಲ, ಒಂದೇ ಬೀಜದಳ, ಸ್ಕುಟೆಲಮ್ ಅಂತ. ಎಂಡೋಸ್ಪರ್ಮ್ (ಬೀಜದೊಳಗೆ ಭ್ರೂಣಕ್ಕೆ ಆಹಾರ ಕೊಡೋ ಭಾಗ) ಮಾತ್ರ ಇಲ್ಲಿ ಸೂಪರ್, ಬಲಿತ ಕಾಳಲ್ಲೂ ಹಂಗೇ ಉಳಿದಿರತ್ತೆ, ಅರಬಿಡಾಪ್ಸಿಸ್‌ನಲ್ಲಿ ಅದನ್ನ ಭ್ರೂಣ ಬೆಳೀತಾ ಬೆಳೀತಾ ಬಹುಪಾಲು ತಿಂದು ಮುಗಿಸಿರತ್ತೆ.

ಹಂತಗಳನ್ನ ಕಲಿಯೋಕೆ ನಾನಾದ್ರೆ ಅರಬಿಡಾಪ್ಸಿಸ್ಸೇ ತಗೋತೀನಿ. ಎಂಡೋಸ್ಪರ್ಮ್ ಬಗ್ಗೆ ಇಂಟ್ರೆಸ್ಟ್ ಇದ್ರೆ, ಇಲ್ಲಾ ಲ್ಯಾಬಲ್ಲಿ ಬರೀ ಬ್ಲೇಡು, ಲೆನ್ಸು ಅಷ್ಟೇ ಇದ್ರೆ, ಯೋಚನೆ ಮಾಡ್ದೆ ಮೆಕ್ಕೆಜೋಳ.