ಎಮ್ಮೆಯ ಸಿಸೇರಿಯನ್‌ಗೆ ಯಾವ ಕರಗುವ ದಾರ?

ಹಾವೇರಿ, ಹಾನಗಲ್ ಕಡೆಯ ಕೊಟ್ಟಿಗೆಗಳಲ್ಲಿ ಕರು ಅಡ್ಡ ತಿರುಗಿ ಸಿಕ್ಕಿಕೊಂಡ ಎಮ್ಮೆಗಳಿಗೆ ಸಿಸೇರಿಯನ್ ಮಾಡುವಾಗ ಮೂರು ಬಗೆಯ ಕರಗುವ ದಾರಗಳನ್ನು ಬಳಸಿದ್ದೇನೆ: ಕ್ರೋಮಿಕ್ ಕ್ಯಾಟ್‌ಗಟ್, ಪಾಲಿಗ್ಲಾಕ್ಟಿನ್ 910 ಮತ್ತು ಪಾಲಿಡಯಾಕ್ಸನೋನ್. ಗರ್ಭಕೋಶ ಹೊಲಿಯಲು ಈಗ ನಾನು ಮೊದಲು ತೆಗೆದುಕೊಳ್ಳುವುದು ಪಾಲಿಗ್ಲಾಕ್ಟಿನ್.

ಕ್ಯಾಟ್‌ಗಟ್ ಅಗ್ಗ, ಸುಲಭವಾಗಿ ಸಿಗುತ್ತದೆ. ಕುರಿ ಅಥವಾ ದನದ ಕರುಳಿನಿಂದ ಮಾಡಿ, ಕ್ರೋಮಿಯಂ ಲವಣದಲ್ಲಿ ಹದಗೊಳಿಸಿದ ಈ ದಾರ ಎರಡು ಮೂರು ವಾರ ಬಿಗಿಯಾಗಿರುತ್ತದೆ. ಆದರೆ ಅದನ್ನು ಕರಗಿಸುವುದು ದೇಹದ ಕಿಣ್ವಗಳು. ಕರು ಒಳಗೇ ಸತ್ತು ಕೊಳೆತು ಗರ್ಭಕೋಶಕ್ಕೆ ಸೋಂಕು ತಗುಲಿದ್ದರೆ ಆ ಕೆಲಸ ಚುರುಕಾಗುತ್ತದೆ, ಗಾಯ ಕೂಡುವ ಮೊದಲೇ ದಾರ ಸೋಲಬಹುದು. ಗಂಟಿನದೂ ತಕರಾರೇ. ಪೊಟ್ಟಣದಿಂದ ತೆಗೆದಾಗ ಪೆಡಸಾಗಿರುವ ದಾರ, ಒಳಗೆ ನೀರು ಹೀರಿ ಉಬ್ಬಿದ ಮೇಲೆ ಗಂಟನ್ನು ಸಡಿಲಿಸುತ್ತದೆ. ಅದಕ್ಕೇ ತುದಿಯನ್ನು ಅರ್ಧ ಸೆಂಟಿಮೀಟರಿಗಿಂತ ಮೋಟಾಗಿ ಕತ್ತರಿಸುವುದಿಲ್ಲ.

ಪಾಲಿಗ್ಲಾಕ್ಟಿನ್ ಹೆಣೆದ ಕೃತಕ ದಾರ. ಮೈಯೊಳಗಿನ ನೀರೇ ಅದನ್ನು ಒಡೆಯುವುದರಿಂದ ಲೆಕ್ಕ ಹೆಚ್ಚು ಏರುಪೇರಾಗುವುದಿಲ್ಲ: ಎರಡನೆಯ ವಾರದ ಕೊನೆಗೆ ಸುಮಾರು ಮುಕ್ಕಾಲು ಪಾಲು ಶಕ್ತಿ, ಮೂರನೆಯದರ ಕೊನೆಗೆ ಅರ್ಧ, 56ರಿಂದ 70 ದಿನಗಳಲ್ಲಿ ದಾರವೇ ಇಲ್ಲ. ರಾತ್ರಿ ಹೊತ್ತು ಯಾರೋ ಮೊಬೈಲ್ ಬೆಳಕು ಹಿಡಿದಿರುತ್ತಾರೆ, ಗರ್ಭಕೋಶ ಕೈಯಿಂದ ಜಾರುತ್ತಿರುತ್ತದೆ. ಆಗ ಹಾಕಿದ ಗಂಟು ಹಾಕಿದಲ್ಲೇ ಕೂರುವುದು ದೊಡ್ಡ ಉಪಕಾರ. ಅಂಚನ್ನು ಒಳಕ್ಕೆ ಮಡಚಿ, ಗಂಟು ಹುದುಗುವಂತೆ ಓರೆ ಹೊಲಿಗೆ ಹಾಕುತ್ತೇನೆ. ಗಂಟು ಹೊರಗೆ ಉಳಿದರೆ ಕರುಳು, ಪೊರೆ ಬಂದು ಅಂಟಿಕೊಂಡು ಮುಂದೆ ಗಬ್ಬ ನಿಲ್ಲುವುದಕ್ಕೆ ತೊಡಕಾಗುತ್ತದೆ. ಈ ದಾರದ ಕೊರತೆಯೆಂದರೆ, ಒಣಗಿದ್ದರೆ ಮೆತ್ತಗಾದ ಗರ್ಭಕೋಶದ ಗೋಡೆಯನ್ನು ಗರಗಸದಂತೆ ಕೊಯ್ಯುತ್ತದೆ. ಸಲೈನಿನಲ್ಲಿ ತೋಯಿಸಿ ನಿಧಾನವಾಗಿ ಎಳೆಯಬೇಕು.

ಹೆಣಿಗೆಯ ಸಂದುಗಳಲ್ಲಿ ರೋಗಾಣುಗಳು ಅಡಗುತ್ತವೆ. ಹಾಗಾಗಿ ಕೊಳೆತ ಕರು ತೆಗೆದ ಗರ್ಭಕೋಶಕ್ಕೆ ಮಾತ್ರ ಒಂಟಿ ಎಳೆಯ, ನುಣುಪಾದ ಪಾಲಿಡಯಾಕ್ಸನೋನ್ ಬಳಸುತ್ತೇನೆ. ನಾಲ್ಕು ವಾರ ಕಳೆದರೂ ಅದರಲ್ಲಿ ಸುಮಾರು ಅರ್ಧ ಶಕ್ತಿ ಉಳಿದಿರುತ್ತದೆ, ಪೂರ್ತಿ ಕರಗಲು ಆರು ತಿಂಗಳು ಬೇಕು. ಹೊಟ್ಟೆಯ ನಡುಗೆರೆ ಸೀಳಿದ್ದರೆ ಕರುಳಿನ ಭಾರವೆಲ್ಲ ಹೊಲಿಗೆಯ ಮೇಲೆಯೇ ಬೀಳುತ್ತದೆ, ಅಲ್ಲಿಯೂ ಇದನ್ನೇ ನಂಬುತ್ತೇನೆ. ಸುರುಳಿಯ ಚಾಳಿ ಬಿಡದ ದಾರ, ಗಂಟುಗಳು ಹೆಚ್ಚು ಬೇಕು. ದುಬಾರಿಯೂ ಹೌದು. ಎಡಪಕ್ಕೆಯಲ್ಲಿ ಸೀಳಿದ್ದರೆ ಅಲ್ಲಿನ ಸ್ನಾಯುಗಳಿಗೆ ರಕ್ತ ಚೆನ್ನಾಗಿ ಹರಿಯುತ್ತದೆ, ಬೇಗ ಕೂಡುತ್ತವೆ. ಅಲ್ಲಿಗೆ ಕ್ಯಾಟ್‌ಗಟ್ ಸಾಕು, ರೈತನ ಹಣವೂ ಉಳಿಯುತ್ತದೆ.

“ಸಾಹೇಬರೇ, ಹೊರಗೂ ಕರಗುವ ದಾರವನ್ನೇ ಹಾಕಿಬಿಡಿ, ಮತ್ತೆ ಬರುವ ತ್ರಾಸು ತಪ್ಪುತ್ತದೆ” ಎಂದು ಕೇಳುವವರಿದ್ದಾರೆ. ಹಾಕುವುದಿಲ್ಲ. ಚರ್ಮಕ್ಕೆ ನೈಲಾನೇ ಸರಿ. ಎರಡು ವಾರಕ್ಕೆ ಬಿಚ್ಚಲು ಹೋದಾಗ ಗಾಯ ಹೇಗಿದೆ, ಎಮ್ಮೆ ಮೇವು ತಿನ್ನುತ್ತಿದೆಯೇ ಎಂಬುದನ್ನೂ ಕಣ್ಣಾರೆ ನೋಡಬಹುದು.